ಎತ್ತರದ ಪಾದಕ್ಕೆ ಸರಿಹೊಂದುವ ಸಾಕ್ಸ್ ಹೆಣೆಯುವುದು ಹೇಗೆ? ಅನುಭವ ಹಂಚಿಕೊಳ್ಳಿ

ಪ್ರಶ್ನೆ

ನನ್ನ ಪಾದದ ಮೇಲ್ಭಾಗ ಸಾಕಷ್ಟು ಎತ್ತರವಾಗಿದ್ದು, ಹಿಮ್ಮಡಿ ಮಾತ್ರ ಕಿರಿದಾಗಿದೆ. ಮಾದರಿಯಲ್ಲಿ ಹೇಳಿರುವಂತೆ 64 ಕುಣಿಕೆಗಳಲ್ಲಿ ಶಾರ್ಟ್ ರೋ (ಸಾಲನ್ನು ಪೂರ್ತಿ ಮುಗಿಸದೆ ನಡುವೆಯೇ ತಿರುಗಿ ಹೆಣೆಯುವ) ಹಿಮ್ಮಡಿಯ ಸಾಕ್ಸ್ ಹೆಣೆದರೆ, ಹಾಕಿಕೊಳ್ಳುವಾಗ ಹಿಮ್ಮಡಿಯ ಬಳಿ ಸಿಕ್ಕಿಕೊಳ್ಳುತ್ತದೆ. ನಡೆಯುವಾಗ ಹಿಮ್ಮಡಿಯ ಭಾಗ ಅಂಗಾಲಿನಡಿಗೆ ಸರಿದುಹೋಗುತ್ತದೆ. 72 ಕುಣಿಕೆಗಳಿಗೆ ಏರಿಸಿದರೆ ಬೆರಳುಗಳ ಬಳಿ ಸಡಿಲವಾಗುತ್ತದೆ. ಸಾಲದ್ದಕ್ಕೆ ಬಲಗಾಲು ಎಡಗಾಲಿಗಿಂತ ಸ್ವಲ್ಪ ಉದ್ದ. ಬೇರೆ ಬೇರೆ ರಚನೆಗಳನ್ನು ಹೆಣೆದು ನೋಡಿದವರು ದಯವಿಟ್ಟು ತಿಳಿಸಿ.

ಉತ್ತರ

ನಿಮ್ಮ 64 ಕುಣಿಕೆಗಳಲ್ಲಿ ದೋಷವಿಲ್ಲ. ಬೆರಳುಗಳ ಬುಡದಲ್ಲಿ ಪಾದಕ್ಕೆ ಎಷ್ಟು ಬಟ್ಟೆ ಬೇಕೋ ಅಷ್ಟೇ ಬಟ್ಟೆಯನ್ನು ಹಿಮ್ಮಡಿಯ ಬಳಿಯೂ ಕೊಟ್ಟಿರುವುದು ಇಲ್ಲಿನ ತೊಂದರೆ. ಅಳತೆಪಟ್ಟಿಯನ್ನು ಹಿಮ್ಮಡಿಯ ತುದಿಯಿಂದ ಓರೆಯಾಗಿ ಮೇಲೆ ತಂದು, ಪಾದ ಕಾಲಿಗೆ ಸೇರುವ ಮಡಿಕೆಯ ಸುತ್ತ ಒಮ್ಮೆ ಅಳೆದು ನೋಡಿ. ಆ ಓರೆ ಸುತ್ತಳತೆ ಎಲ್ಲರಲ್ಲೂ ಪಾದದ ಸುತ್ತಳತೆಗಿಂತ ಹೆಚ್ಚೇ ಇರುತ್ತದೆ. ಎತ್ತರದ ಪಾದದಲ್ಲಿ ಈ ಅಂತರ ಇನ್ನೂ ದೊಡ್ಡದು. ಮೇಲ್ಭಾಗದಲ್ಲಿ ಬಟ್ಟೆ ಸಾಲದೆ ಹೋದಾಗ ಅದು ಹಿಮ್ಮಡಿಯ ಬಟ್ಟೆಯನ್ನು ಮುಂದಕ್ಕೆ ಎಳೆದುಕೊಳ್ಳುತ್ತದೆ, ನಿಮಗೆ ಆಗುತ್ತಿರುವುದು ಅದೇ.

ಲೆಕ್ಕ ಹೀಗೆ. ಪಾದದ ಸುತ್ತಳತೆ 22 ಸೆಂ.ಮೀ., ಓರೆ ಸುತ್ತಳತೆ 34 ಸೆಂ.ಮೀ., ಹೆಣಿಗೆಯ ಬಿಗಿ 10 ಸೆಂ.ಮೀ.ಗೆ 32 ಕುಣಿಕೆ ಎಂದಿಟ್ಟುಕೊಳ್ಳಿ. ಸಾಕ್ಸ್ ಕಾಲಿಗೆ ಅಂಟಿ ನಿಲ್ಲಬೇಕಾದರೆ ಎರಡೂ ಅಳತೆಗಳಿಂದ ಸುಮಾರು ಶೇ. 10ರಷ್ಟನ್ನು ಕಳೆಯಬೇಕು. ಆಗ ಪಾದಕ್ಕೆ 64 ಕುಣಿಕೆಗಳೂ ಹಿಮ್ಮಡಿಯ ಬಳಿ 98 ಕುಣಿಕೆಗಳೂ ಬೇಕಾಗುತ್ತವೆ. ನಡುವಿನ 34 ಕುಣಿಕೆಗಳನ್ನು ತುಂಬಿಕೊಡುವುದೇ ಗಸೆಟ್‌ನ, ಅಂದರೆ ಸುತ್ತಳತೆ ಹಿಗ್ಗಿಸಲು ಸೇರಿಸುವ ತ್ರಿಕೋನ ಭಾಗದ, ಕೆಲಸ. ಬೆರಳಿನ ಕಡೆಯಿಂದ ಹೆಣೆಯುವಾಗ ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಎರಡು ಪಕ್ಕಗಳಲ್ಲಿ ಒಂದೊಂದು ಕುಣಿಕೆ ಹೆಚ್ಚಿಸಿದರೆ 34 ಸುತ್ತುಗಳಾಗುತ್ತವೆ. 10 ಸೆಂ.ಮೀ.ಗೆ 44 ಸುತ್ತು ಬರುವ ಹೆಣಿಗೆಯಲ್ಲಿ ಅದು ಏಳೂಮುಕ್ಕಾಲು ಸೆಂ.ಮೀ. ಆದ್ದರಿಂದ ಹಿಮ್ಮಡಿ ತಿರುಗಿಸುವ (ಹೆಣಿಗೆಯನ್ನು ಹಿಮ್ಮಡಿಯ ಸುತ್ತ ಬಟ್ಟಲಿನಂತೆ ಬಾಗಿಸುವ) ಜಾಗಕ್ಕಿಂತ ಅಷ್ಟು ಮೊದಲೇ ಗಸೆಟ್ ಶುರುವಾಗಬೇಕು. ಅನಂತರ ಅಂಗಾಲಿನ ಕುಣಿಕೆಗಳ ಮೇಲೆ ಶಾರ್ಟ್ ರೋಗಳಿಂದ ಹಿಮ್ಮಡಿ ತಿರುಗಿಸಿ, ಹಿಂಬದಿಯ ಪಟ್ಟಿಯನ್ನು ಹೆಣೆಯುತ್ತಾ ಪ್ರತಿ ಸಾಲಿನ ಕೊನೆಯಲ್ಲಿ ಗಸೆಟ್‌ನ ಒಂದು ಕುಣಿಕೆಯನ್ನು ಅದರೊಂದಿಗೆ ಸೇರಿಸಿಕೊಳ್ಳುತ್ತಾ ಹೋದರೆ ಮತ್ತೆ 64ಕ್ಕೆ ಇಳಿಯುತ್ತೀರಿ. ಈ ಅಂಕಿಗಳು ಉದಾಹರಣೆಗೆ ಮಾತ್ರ. ನಿಮ್ಮ ಸ್ಯಾಂಪಲ್ ತುಂಡನ್ನು ಒಗೆದು ಒಣಗಿಸಿದ ಮೇಲೆಯೇ ಅಳೆಯಿರಿ.

ಇನ್ನೊಬ್ಬರ ಅನುಭವ

ಮೇಲಿನ ಲೆಕ್ಕವನ್ನು ಒಪ್ಪುತ್ತೇನೆ. ಆದರೆ ಗಸೆಟ್ ಎರಡು ಪಕ್ಕಗಳಲ್ಲೇ ಇರಬೇಕೆಂಬ ನಿಯಮವಿಲ್ಲ. ಅಮೆರಿಕದ ವಿನ್ಯಾಸಕಿ ಕ್ಯಾಟ್ ಬೋರ್ಡಿ 2007ರ ತಮ್ಮ ಪುಸ್ತಕದಲ್ಲಿ, ಹೆಚ್ಚಿಸುವ ಕುಣಿಕೆಗಳನ್ನು ಪಾದದ ಮೇಲೆ, ಕೆಳಗೆ, ಓರೆಯಾಗಿ, ಎಲ್ಲಿ ಬೇಕಾದರೂ ಇಡಬಹುದೆಂದು ತೋರಿಸಿದರು. ಎತ್ತರದ ಪಾದದವರಿಗೆ ಅವನ್ನು ಮೇಲ್ಭಾಗದ ನಟ್ಟನಡುವೆ, ಒಂದು ನಿಟ್ (ಸಾದಾ) ಕುಣಿಕೆಯ ಎಡಬಲಗಳಲ್ಲಿ ಇಟ್ಟರೆ ಬಟ್ಟೆ ಉಬ್ಬಿನ ಮೇಲೆಯೇ ಬಿಚ್ಚಿಕೊಳ್ಳುತ್ತದೆ. ನೋಡಲೂ ಚೆನ್ನ. ಅಂಗಾಲಿನ ನಡುವೆ ಇಡುವುದು ನನಗೆ ಒಗ್ಗಲಿಲ್ಲ. ಬಿಗಿ ಶೂ ಹಾಕಿದಾಗ ಆ ಏಣು ಕಾಲಿಗೆ ಒತ್ತುತ್ತದೆ. ಅಲ್ಲಿ, ಪಾದದ ಕಮಾನಿನ ಉದ್ದಕ್ಕೆ, ಎರಡು ನಿಟ್ ಎರಡು ಪರ್ಲ್ (ಉಲ್ಟಾ) ಕುಣಿಕೆಗಳ ರಿಬ್, ಅಂದರೆ ಹಿಗ್ಗಿ ಕುಗ್ಗುವ ಪಟ್ಟೆ ಹೆಣಿಗೆ, ಹಾಕಿದರೆ ಸಾಕ್ಸ್ ತಾನಾಗಿ ಕಮಾನನ್ನು ತಬ್ಬಿಕೊಳ್ಳುತ್ತದೆ.

ಮತ್ತೊಂದು ಉತ್ತರ

ಹಿಮ್ಮಡಿ ಬೇಗ ಸವೆಯುವವರು ಕೊನೆಗೆ ಸೇರಿಸುವ ಹಿಮ್ಮಡಿಯನ್ನೂ ಪರಿಗಣಿಸಬಹುದು. ಹಿಮ್ಮಡಿಯ ಜಾಗದಲ್ಲಿ ಅರ್ಧದಷ್ಟು ಕುಣಿಕೆಗಳನ್ನು ಬೇರೆ ಬಣ್ಣದ ತುಂಡು ನೂಲಿನಲ್ಲಿ ಹೆಣೆದು, ಅವುಗಳ ಮೇಲೆಯೇ ಮತ್ತೆ ಮೂಲ ನೂಲಿನಲ್ಲಿ ಹೆಣೆದು ಕೊಳವೆಯನ್ನು ಪೂರ್ಣಗೊಳಿಸಿ. ಆಮೇಲೆ ಆ ತುಂಡನ್ನು ಬಿಡಿಸಿ, ಮೇಲಿನ ಮತ್ತು ಕೆಳಗಿನ ಕುಣಿಕೆಗಳನ್ನು ಕಡ್ಡಿಗೆ ತೆಗೆದುಕೊಂಡು ಹಿಮ್ಮಡಿ ಹೆಣೆಯಿರಿ. ಹೆಣಿಗೆಯ ಪ್ರಸಿದ್ಧ ಲೇಖಕಿ ಎಲಿಜಬೆತ್ ಝಿಮ್ಮರ್‌ಮನ್ ಅವರ ವಿಧಾನದಲ್ಲಿ ತುಂಡು ನೂಲೂ ಬೇಡ, ಮುಗಿದ ಕೊಳವೆಯಲ್ಲೇ ಒಂದು ಕುಣಿಕೆಯನ್ನು ಕತ್ತರಿಸಿ ಎರಡೂ ಕಡೆಗೆ ಬಿಡಿಸುತ್ತಾ ಹೋಗುವುದು. ಅದಕ್ಕೆ ಗಟ್ಟಿ ಗುಂಡಿಗೆ ಬೇಕು. ಈ ಹಿಮ್ಮಡಿ ಆಳ ಕಡಿಮೆ ಎಂಬ ದೂರು ನಿಜ. ಕುಣಿಕೆ ಇಳಿಸಲು ಶುರುಮಾಡುವ ಮೊದಲು ಮೂರು ನಾಲ್ಕು ಸಾದಾ ಸುತ್ತುಗಳನ್ನು ಹೆಣೆದರೆ ಬಹಳಷ್ಟು ಸರಿಹೋಗುತ್ತದೆ. ಮೂಲೆಗಳಲ್ಲಿ ಬೀಳುವ ತೂತಿಗೆ ಅಲ್ಲಿ ಒಂದೆರಡು ಹೆಚ್ಚುವರಿ ಕುಣಿಕೆ ಎತ್ತಿಕೊಂಡು, ಮುಂದಿನ ಸುತ್ತಿನಲ್ಲಿ ಪಕ್ಕದ ಕುಣಿಕೆಯೊಂದಿಗೆ ಸೇರಿಸಿ ಹೆಣೆಯಿರಿ.

ಕೇಳಿದವರ ಮರುಪ್ರಶ್ನೆ

ಎಲ್ಲರಿಗೂ ಧನ್ಯವಾದಗಳು. ಮೇಲ್ಭಾಗದ ನಡುವಿನ ಗಸೆಟ್ ಹೆಣೆಯಲು ತೀರ್ಮಾನಿಸಿದ್ದೇನೆ. ಆದರೆ ಇಷ್ಟೆಲ್ಲ ಬಟ್ಟೆ ಕೂಡಿಸಿದ ಮೇಲೆ ಕಿರಿದಾದ ಹಿಮ್ಮಡಿಯಲ್ಲಿ ಸಡಿಲವಾಗುವುದಿಲ್ಲವೇ? ಉದ್ದದ ವ್ಯತ್ಯಾಸಕ್ಕೆ ಏನು ಮಾಡುವುದು?

ಮೊದಲು ಉತ್ತರಿಸಿದವರು

ಹಿಮ್ಮಡಿಯ ಬಟ್ಟಲಿನ ಅಗಲ ನಿರ್ಧಾರವಾಗುವುದು ಗಸೆಟ್‌ನಿಂದಲ್ಲ, ತಿರುಗಿಸುವಾಗ ನಡುವೆ ಉಳಿಸಿಕೊಳ್ಳುವ ಕುಣಿಕೆಗಳಿಂದ. ಅಂಗಾಲಿನ 32ರಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಭಾಗ, ಅಂದರೆ 10 ಕುಣಿಕೆಗಳನ್ನು ಉಳಿಸುತ್ತಾರೆ. ನೀವು 8 ಉಳಿಸಿದರೆ ಬಟ್ಟಲು ಕಿರಿದೂ ಆಳವೂ ಆಗುತ್ತದೆ. ಹಿಂಬದಿಯ ಪಟ್ಟಿಯನ್ನು ಒಂದು ಕುಣಿಕೆ ಹೆಣೆದು ಒಂದನ್ನು ಹೆಣೆಯದೆ ಸರಿಸುವ ಕ್ರಮದಲ್ಲಿ ಮಾಡಿದರೆ ಬಟ್ಟೆ ದಪ್ಪವಾಗಿ, ಅಗಲದಲ್ಲಿ ಇನ್ನಷ್ಟು ಬಿಗಿಯುತ್ತದೆ.

ಉದ್ದಕ್ಕೆ ಬೆರಳಿನ ಕಡೆಯಿಂದ ಹೆಣೆಯುವುದೇ ಸುಲಭ, ಏಕೆಂದರೆ ಎರಡು ಕಡ್ಡಿಗಳ ಮೇಲೂ ಒಟ್ಟಿಗೆ ಕುಣಿಕೆ ಹಾಕುವ ಜೂಡಿ ಬೆಕರ್ ಅವರ ಕಾಸ್ಟ್ ಆನ್‌ನಿಂದ ಆರಂಭಿಸಿದರೆ ತುದಿಯಲ್ಲಿ ಹೊಲಿಗೆಯೇ ಇರುವುದಿಲ್ಲ ಮತ್ತು ಯಾವಾಗ ಬೇಕಾದರೂ ಹಾಕಿ ನೋಡಬಹುದು. ಪಾದದ ಉದ್ದಕ್ಕಿಂತ ಒಂದು ಸೆಂ.ಮೀ. ಕಡಿಮೆಯಿರುವಂತೆ ಎರಡು ಕಾಲುಗಳಿಗೂ ಬೇರೆಬೇರೆ ಲೆಕ್ಕ ಹಾಕಿ. ಬಲಗಾಲಿನ ಹೆಚ್ಚುವರಿ ಸುತ್ತುಗಳನ್ನು ಬೆರಳುಗಳ ಭಾಗ ಮುಗಿದ ಮೇಲೆ, ಗಸೆಟ್ ಶುರುವಾಗುವ ಮೊದಲು ಸೇರಿಸಿ. ಗಸೆಟ್‌ನ 34 ಸುತ್ತುಗಳನ್ನು ಹಿಗ್ಗಿಸಬೇಡಿ. ಹೇಗೂ ಎಡಬಲ ಬೇರೆಯಾಗುತ್ತಿರುವುದರಿಂದ ತುದಿಯನ್ನೂ ಪಾದದ ಆಕಾರಕ್ಕೇ ತರಬಹುದು: ಹೆಬ್ಬೆರಳಿನ ಕಡೆ ಕುಣಿಕೆಗಳನ್ನು ಬೇಗ ಹೆಚ್ಚಿಸಿ ನಿಲ್ಲಿಸಿ, ಕಿರುಬೆರಳಿನ ಕಡೆ ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ನಿಧಾನವಾಗಿ ಹೆಚ್ಚಿಸುತ್ತಾ ಹೋಗಿ. ಯಾವುದು ಯಾವ ಕಾಲಿನದೆಂದು ಗೊತ್ತಾಗಲು ಒಂದರ ಅಂಚಿನಲ್ಲಿ ಬೇರೆ ಬಣ್ಣದ ಒಂದು ಸುತ್ತು ಹಾಕಿಬಿಡಿ.