‘ಬುಕತ್ಸು’ಗೆ ಕನ್ನಡದಲ್ಲಿ ಏನನ್ನೋಣ?

ಜಪಾನಿನ ಶಾಲಾ ಕಥೆ, ಮಂಗಾಗಳನ್ನು (ಚಿತ್ರಕಥೆಗಳನ್ನು) ಕನ್ನಡಕ್ಕೆ ತರುವಾಗ ‘ಬುಕತ್ಸು’ವನ್ನು, ಅಂದರೆ ಪಾಠದ ನಂತರ ಮಕ್ಕಳು ಆಟಕ್ಕೋ ಕಲೆಗೋ ಸೇರುವ ಶಾಲೆಯ ಗುಂಪುಗಳ ಪದ್ಧತಿಯನ್ನು, ‘ಪಠ್ಯೇತರ ಚಟುವಟಿಕೆ’ ಎನ್ನಬಹುದೇ, ‘ಕ್ಲಬ್’ ಎಂದರೆ ಸಾಕೇ ಎಂಬ ಪ್ರಶ್ನೆಗೆ ಈ ಉತ್ತರ. ಕೊನೆಗೆ ನನ್ನದೂ ಒಂದು ಪ್ರಶ್ನೆಯಿದೆ.

ಮೊದಲು ಬರೆಯುವ ಬಗೆ. ಪೂರ್ಣರೂಪ ‘ಬುಕತ್ಸುದೋ’, ಮಕ್ಕಳ ಬಾಯಲ್ಲಿ ಬುಕತ್ಸು. ಮೂರಕ್ಷರವೂ ಹ್ರಸ್ವ. ‘ಬುಕಾಟ್ಸು’ ಇಂಗ್ಲಿಷ್ ಕಾಗುಣಿತ ನೋಡಿ ಹುಟ್ಟಿದ್ದು, ಬೇಡ.

ನಮ್ಮಲ್ಲಿ ಪಠ್ಯೇತರ ಚಟುವಟಿಕೆ ಎಂದರೆ ವೇಳಾಪಟ್ಟಿಯ ಒಂದು ಪೀರಿಯಡ್ಡು ಅಥವಾ ವಾರ್ಷಿಕೋತ್ಸವದ ತಯಾರಿ. ಬುಕತ್ಸು ಹಾಗಲ್ಲ. ಏಪ್ರಿಲ್‌ನಲ್ಲಿ ಶಾಲೆ ಶುರುವಾದಾಗ ಹೊಸಬರು ಒಂದೆರಡು ಕಡೆ ಹೋಗಿ ನೋಡಿ, ಸೇರ್ಪಡೆಯ ಅರ್ಜಿ ಕೊಡುತ್ತಾರೆ. ಆಮೇಲೆ ಪಾಠ ಮುಗಿದ ಮೇಲಿನ ಹೊತ್ತೆಲ್ಲ ಅದಕ್ಕೇ. ಕೆಲವಕ್ಕೆ ಬೆಳಗಿನ ಅಭ್ಯಾಸ ಬೇರೆ. ಇದು ಅತಿಯಾಗಿ, 2018ರಲ್ಲಿ ಸರ್ಕಾರದ ಕ್ರೀಡಾ ಸಂಸ್ಥೆಯೇ ಮಾರ್ಗಸೂಚಿ ಹೊರಡಿಸಿತು: ವಾರಕ್ಕೆ ಕನಿಷ್ಠ 2 ದಿನ ಬಿಡುವು, ಶಾಲೆಯಿರುವ ದಿನ ಹೆಚ್ಚೆಂದರೆ 2 ಗಂಟೆಯ ಆಸುಪಾಸು, ರಜೆಯ ದಿನ 3 ಗಂಟೆ.

‘ಕ್ಲಬ್’ ಎಂದೊಡನೆ ನಮ್ಮ ಓದುಗರಿಗೆ ಇಸ್ಪೀಟು ನೆನಪಾಗುತ್ತದೆ. ‘ತಂಡ’ ಇನ್ನೂ ದಾರಿ ತಪ್ಪಿಸುತ್ತದೆ. ಹೈಸ್ಕೂಲುಗಳ ರಾಷ್ಟ್ರಮಟ್ಟದ ಬೇಸ್‌ಬಾಲ್ ಟೂರ್ನಿಯಾದ ಬೇಸಿಗೆಯ ಕೋಶಿಯೆನ್‌ನಲ್ಲಿ ಒಂದು ಶಾಲೆಯ ಪಟ್ಟಿಯಲ್ಲಿ 20 ಜನರಿಗಷ್ಟೇ ಜಾಗ (2023ಕ್ಕೆ ಮುಂಚೆ 18). ಮಿಕ್ಕವರು ಗ್ಯಾಲರಿಯಲ್ಲಿ ನಿಂತು ಕೂಗುತ್ತಾರೆ. ಅವರು ತಂಡದಲ್ಲಿಲ್ಲ, ಬುಕತ್ಸುವಿನಲ್ಲಿದ್ದಾರೆ. ‘ಮ್ಯಾನೇಜರ್’ ಎಂಬ ಪದ ಬಂದಲ್ಲಂತೂ ಎಚ್ಚರ: ಅಲ್ಲಿ ಅದು ಯಜಮಾನಿಕೆಯ ಹುದ್ದೆಯಲ್ಲ. ನೀರಿನ ಬಾಟಲಿ ತುಂಬಿಸುವ, ಸ್ಕೋರ್ ಬರೆದಿಡುವ ವಿದ್ಯಾರ್ಥಿ, ಬಹಳ ಸಲ ವಿದ್ಯಾರ್ಥಿನಿ. ‘ಸಹಾಯಕಿ’ ಎಂದರೆ ಸರಿಹೋದೀತು.

ನನ್ನ ಸಲಹೆ ಇಷ್ಟು: ಒಟ್ಟು ಪದ್ಧತಿಗೆ ‘ಬುಕತ್ಸು’ವನ್ನೇ ಉಳಿಸಿಕೊಳ್ಳಿ, ಒಂದೊಂದು ಗುಂಪಿಗೆ ‘ಬಳಗ’ ಹಚ್ಚಿ. ಬೇಸ್‌ಬಾಲ್ ಬಳಗ, ವಾದ್ಯ ಬಳಗ, ಚಹಾ ಬಳಗ. ಯಾವುದಕ್ಕೂ ಸೇರದವರನ್ನು ಅಲ್ಲಿ ತಮಾಷೆಗೆ ‘ಕಿತಾಕುಬು’ ಎನ್ನುತ್ತಾರಲ್ಲ, ಅದೂ ‘ಮನೆಗ್ಹೋಗೋ ಬಳಗ’ ಎಂದು ಸಲೀಸಾಗಿ ಕೂರುತ್ತದೆ. ‘ಸಂಘ’ ಹಾಕಿ ನೋಡಿ, ನಗು ಹೋಗಿಬಿಡುತ್ತದೆ. ಕಾಲೇಜಿನ ಸಡಿಲ ಹವ್ಯಾಸದ ಗುಂಪುಗಳಾದ ‘ಸಾಕುರು’ಗಳಿಗೆ ‘ಕೂಟ’ ಇರಲಿ, ವ್ಯತ್ಯಾಸ ಉಳಿಯುತ್ತದೆ.

ನನಗೆ ಬಗೆಹರಿಯದಿರುವುದು ‘ಇಂತಾಯ್’. ಕೊನೆಯ ವರ್ಷದವರು ಸಾಮಾನ್ಯವಾಗಿ ಬೇಸಿಗೆ ಟೂರ್ನಿಯಲ್ಲಿ ಸೋತ ದಿನವೇ ಬುಕತ್ಸು ಮುಗಿಸಿ ಪ್ರವೇಶ ಪರೀಕ್ಷೆಯ ಓದಿಗೆ ಕೂರುತ್ತಾರೆ, ಶಾಲೆ ಮಾತ್ರ ಮಾರ್ಚ್‌ವರೆಗೂ ಇರುತ್ತದೆ. ‘ನಿವೃತ್ತಿ’ ಎಂದರೆ ಪಿಂಚಣಿ ನೆನಪಾಗುತ್ತದೆ. ‘ಬಳಗ ಬಿಟ್ಟಳು’ ಎಂದರೆ ನಡುವೆ ಕೈಬಿಟ್ಟಂತಾಗುತ್ತದೆ, ಅದಕ್ಕೆ ಜಪಾನಿಯಲ್ಲಿ ‘ತಾಯ್ಬು’ ಎಂಬ ಬೇರೆ ಪದವೇ ಇದೆ. ‘ಬಳಗದ ಸರದಿ ಮುಗಿಸಿದಳು’ ಎಂದರೆ ನಡೆದೀತೇ? ಶಾಲಾ ಆಟೋಟಗಳ ಮಾತು ಬಲ್ಲವರು ಇದಕ್ಕಿಂತ ಚಿಕ್ಕದೊಂದು ಪದ ಕೊಟ್ಟರೆ ಉಪಕಾರ.