‘ಫೈಬರ್ ಕಿಟಕಿ’ ಎಂದರೆ ಯಾವುದು? ‘ಯು-ಮೌಲ್ಯ’ಕ್ಕೆ ಏನೆನ್ನೋಣ?

ಮಾನ್ಯರೇ,

ಮಡಿಕೇರಿ, ಸೋಮವಾರಪೇಟೆ ಕಡೆ ಹೊಸ ಮನೆ ಕಟ್ಟುವವರಿಗಾಗಿ ಕಿಟಕಿಗಳ ಆಯ್ಕೆ ಕುರಿತು ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ಬಲ್ಲವರ ಅಭಿಪ್ರಾಯ ಬೇಕಾಗಿದೆ.

ಮೊದಲನೆಯದು ‘ಫೈಬರ್’. ಬಚ್ಚಲುಮನೆಗೆ ಹಾಕುವ ಪಿವಿಸಿ ಬಾಗಿಲನ್ನು ನಮ್ಮಲ್ಲಿ ‘ಫೈಬರ್ ಬಾಗಿಲು’ ಎನ್ನುವುದು ರೂಢಿ. ಅದೇ ಜಾಡಿನಲ್ಲಿ ಯುಪಿವಿಸಿ (ಗಡುಸಾದ ಪಿವಿಸಿ ಪ್ಲಾಸ್ಟಿಕ್) ಕಿಟಕಿಯನ್ನೂ ‘ಫೈಬರ್ ಕಿಟಕಿ’ ಎನ್ನುವವರಿದ್ದಾರೆ. ಆದರೆ ಫೈಬರ್‌ಗ್ಲಾಸ್ ಚೌಕಟ್ಟು ಬೇರೆಯೇ ವಸ್ತು. ಗಾಜಿನ ಎಳೆಗಳನ್ನು ರಾಳದಲ್ಲಿ ತೋಯಿಸಿ, ಕಾಯಿಸಿದ ಅಚ್ಚಿನ ಮೂಲಕ ಎಳೆದು ಅದನ್ನು ಗಟ್ಟಿಮಾಡಿರುತ್ತಾರೆ. ಬಿಸಿಲಿಗೆ ಹಿಗ್ಗುವುದು, ಚಳಿಗೆ ಕುಗ್ಗುವುದು ಹೆಚ್ಚುಕಡಿಮೆ ಗಾಜಿನಷ್ಟೇ ಆದ್ದರಿಂದ ಗಾಜು ಕೂರುವ ಅಂಚು ಬೇಗ ಸಡಿಲವಾಗುವುದಿಲ್ಲ. ಯುಪಿವಿಸಿಯಾದರೋ ಅದರ ಹಲವು ಪಟ್ಟು ಹಿಗ್ಗುತ್ತದೆ. ‘ಗಾಜುನಾರಿನ ಕಿಟಕಿ’ ಎಂದು ಬರೆದು ನೋಡಿದೆ. ಓದುವವರ ಗಮನ ಚೌಕಟ್ಟನ್ನು ಬಿಟ್ಟು ಗಾಜಿನತ್ತ ಹೋಗುತ್ತದೆ. ‘ಫೈಬರ್‌ಗ್ಲಾಸ್ ಚೌಕಟ್ಟಿನ ಕಿಟಕಿ’ ಉದ್ದವಾಯಿತಾದರೂ ಸದ್ಯಕ್ಕೆ ಅದನ್ನೇ ಉಳಿಸಿಕೊಂಡಿದ್ದೇನೆ.

ನಿಜವಾದ ತೊಡಕು ‘ಯು-ಮೌಲ್ಯ’ದ್ದು. ಒಳಗೂ ಹೊರಗೂ 1 ಡಿಗ್ರಿ ಸೆಲ್ಸಿಯಸ್ ವ್ಯತ್ಯಾಸವಿದ್ದಾಗ 1 ಚದರ ಮೀಟರ್ ಕಿಟಕಿಯ ಮೂಲಕ ಎಷ್ಟು ವ್ಯಾಟ್ ಶಾಖ ಹಾಯುತ್ತದೆ ಎಂಬುದರ ಅಳತೆ ಅದು. ಒಂಟಿ ಗಾಜಿಗೆ 6ರ ಹತ್ತಿರ, ನಡುವೆ ಗಾಳಿ ಬಿಟ್ಟ ಜೋಡಿ ಗಾಜಿಗೆ 3ರ ಆಸುಪಾಸು. ಸಂಖ್ಯೆ ಇಳಿದಷ್ಟೂ ಒಳ್ಳೆಯದು. ಇದಕ್ಕೆ ‘ಉಷ್ಣವಾಹಕತೆ’ ಎನ್ನುವುದು ಸರಿಯಲ್ಲ, ಏಕೆಂದರೆ ಅದು ಆಯಾ ವಸ್ತುವಿನ ಗುಣ. ತೇಗಕ್ಕಿಂತ ಅಲ್ಯೂಮಿನಿಯಂನ ಉಷ್ಣವಾಹಕತೆ ಸುಮಾರು ಸಾವಿರ ಪಟ್ಟು ಹೆಚ್ಚು ಎನ್ನುವಾಗ ಆ ಪದ ಸಲ್ಲುತ್ತದೆ. ಗಾಜು, ಚೌಕಟ್ಟು ಎಲ್ಲ ಸೇರಿದ ಇಡೀ ಕಿಟಕಿಗೆ ಸಲ್ಲದು. ‘ಶಾಖನಷ್ಟ’ ಮಡಿಕೇರಿಯ ಡಿಸೆಂಬರ್‌ಗೆ ಹೊಂದಬಹುದು, ಆದರೆ ಕುಶಾಲನಗರದ ಏಪ್ರಿಲ್‌ನಲ್ಲಿ ಶಾಖ ಒಳಗೆ ಬರುತ್ತದೆಯೇ ಹೊರತು ಹೋಗುವುದಿಲ್ಲ.

ಕೆಲವರು ‘ಶಾಖ ಸೋರಿಕೆ’ಯನ್ನು ಸೂಚಿಸಿದ್ದಾರೆ. ಕೇಳಲು ಸೊಗಸಾಗಿದೆ, ಆದರೂ ನನಗೆ ಒಪ್ಪಿಗೆಯಿಲ್ಲ. ಕೊಡಗಿನಲ್ಲಿ ಕಿಟಕಿ ಸೋರುತ್ತದೆ ಎಂದರೆ ಮಳೆನೀರು ಒಳಬರುತ್ತದೆ ಎಂದೇ ಅರ್ಥ. ಅದಕ್ಕಿಂತ ಮುಖ್ಯವಾಗಿ, ಗಾಳಿಯ ಸೋರಿಕೆ ಎಂಬ ಬೇರೆಯ ದೋಷವೇ ಇದೆ, ಯು-ಮೌಲ್ಯದ ಲೆಕ್ಕದಲ್ಲಿ ಅದು ಸೇರುವುದಿಲ್ಲ. ಚೆನ್ನಾಗಿ ಒಣಗಿಸದ ಮರದ ಕಿಟಕಿ ಕಕ್ಕಡದ (ಜುಲೈ-ಆಗಸ್ಟ್ ನಡುವಿನ ಕೊಡವ ತಿಂಗಳು) ಮಳೆಗೆ ಊದಿಕೊಂಡು ಮುಚ್ಚಲಾಗದಂತಾದಾಗ ಆಚಾರಿಯನ್ನು ಕರೆಸಿ ಅಂಚಿಗೆ ಉಜ್ಜುಗೊರಡು ಹಾಕಿಸುತ್ತೇವೆ; ಮಳೆ ಬಿಟ್ಟು ಮರ ಕುಗ್ಗಿತೆಂದರೆ ಅದೇ ಅಂಚಿನಲ್ಲಿ ಬೆರಳು ಹಿಡಿಸುವಷ್ಟು ಸಂದು ಬಿದ್ದು, ಚಳಿಗಾಳಿ ನುಗ್ಗುತ್ತದೆ. ಮರವು ಶಾಖವನ್ನು ಚೆನ್ನಾಗಿಯೇ ತಡೆದರೂ ಕೋಣೆ ಬೆಚ್ಚಗಿರುವುದಿಲ್ಲ. ‘ಸೋರಿಕೆ’ಯನ್ನು ಈ ಗಾಳಿಗೇ ಮೀಸಲಿಡಬೇಕೆಂಬುದು ನನ್ನ ವಾದ. ಯು-ಮೌಲ್ಯಕ್ಕೆ ‘ಶಾಖ ಹಾಯುವ ಪ್ರಮಾಣ’ ಎಂದು ಬರೆದಿದ್ದೇನೆ. ಇದಕ್ಕಿಂತ ಚಿಕ್ಕ ಪದ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.

ಜೊತೆಗೆ ಇನ್ನೊಂದು: ಗೋಡೆಗೆ ಕೂರಿಸಿದ ಹೊರಚೌಕಟ್ಟಿಗೂ, ಗಾಜು ಹಿಡಿದುಕೊಂಡು ತೆರೆದು ಮುಚ್ಚುವ ಒಳಚೌಕಟ್ಟಿಗೂ ಕನ್ನಡದಲ್ಲಿ ‘ಚೌಕಟ್ಟು’ ಒಂದೇ ಸಾಲುವುದಿಲ್ಲ. ಆಚಾರಿಗಳು ಎರಡನೆಯದಕ್ಕೆ ‘ಶಟರ್’ ಎನ್ನುತ್ತಾರೆ. ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲಮನೆಗಳ) ಮರಗೆಲಸ ಬಲ್ಲ ಹಿರಿಯರ ಬಾಯಲ್ಲಿ ಅದಕ್ಕೆ ಬೇರೆ ಹೆಸರಿತ್ತೇ?