ವಾಯುಗುಣ ಪ್ರಶ್ನೋತ್ತರ: ಕೊಪ್ಪೆನ್ ಗುಂಪು ಹಚ್ಚುವುದು ಹೇಗೆ? (ಉಷ್ಣತೆ, ಮಳೆ ನೋಡಿ ಊರುಗಳ ವಾಯುಗುಣವನ್ನು ಎ, ಬಿ, ಸಿ ಮುಂತಾದ ಗುಂಪುಗಳಾಗಿ ವಿಂಗಡಿಸುವ, ವಿಜ್ಞಾನಿ ಕೊಪ್ಪೆನ್ ಅವರ ಪದ್ಧತಿ)

ಮಂಜುನಾಥ: ಮೇಡಂ, ಉತ್ತರ ಗೋಳಾರ್ಧದ ಒಂದು ಕೇಂದ್ರದ ಹತ್ತು ವರ್ಷದ ಅಂಕಿಅಂಶ ಇದೆ. ವಾರ್ಷಿಕ ಸರಾಸರಿ ಉಷ್ಣತೆ 26 ಡಿಗ್ರಿ, ಮಳೆ 700 ಮಿ.ಮೀ. ಅತಿ ತಂಪಿನ ತಿಂಗಳೂ 20 ಡಿಗ್ರಿ. 18 ದಾಟಿದೆಯಲ್ಲ, ‘ಎ’ (ಉಷ್ಣವಲಯ) ಗುಂಪಿನ ಸವನ್ನಾ (ಬಿಸಿನಾಡಿನ ಹುಲ್ಲುಗಾವಲು) ಎಂದು ಬರೆದೆ. ಸರಿಯೇ?

ತಜ್ಞೆ: ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಎಷ್ಟು?

ಮಂಜುನಾಥ: 497 ಮಿ.ಮೀ., ಶೇ. 71.

ತಜ್ಞೆ: ಹಾಗಾದರೆ ತಪ್ಪು. ‘ಎ’ಗೆ ಮೊದಲು ‘ಬಿ’ ನೋಡಬೇಕು, ಅಂದರೆ ಶುಷ್ಕವೋ ಅಲ್ಲವೋ ಎಂದು. ಬಹಳ ಜನ ಎಡವುವುದು ಇಲ್ಲೇ. ಸರಾಸರಿ ಉಷ್ಣತೆಯನ್ನು 20ರಿಂದ ಗುಣಿಸಿ: 520. ಬೇಸಿಗೆಯ ಅರ್ಧವರ್ಷದಲ್ಲಿ (ಇಲ್ಲಿ ಏಪ್ರಿಲ್–ಸೆಪ್ಟೆಂಬರ್) ಶೇ. 70 ಅಥವಾ ಹೆಚ್ಚು ಮಳೆಯಿದ್ದರೆ 280 ಕೂಡಿಸಿ. ಶುಷ್ಕತೆಯ ಮಿತಿ 800 ಮಿ.ಮೀ. ನಿಮ್ಮ 700 ಅದಕ್ಕಿಂತ ಕಡಿಮೆ, ಅದರ ಅರ್ಧಕ್ಕಿಂತ ಹೆಚ್ಚು. ಆದ್ದರಿಂದ ‘ಬಿಎಸ್’, ಅರೆಶುಷ್ಕ. 400ರ ಕೆಳಗಿದ್ದರೆ ಮರುಭೂಮಿ.

ನನಗೆ ಚಿಂತೆ ಆ 71ರದ್ದೇ. ಶೇ. 30ರಿಂದ 70ರ ನಡುವೆ ಬಂದರೆ ಕೂಡಿಸುವುದು 140 ಮಾತ್ರ. ಅಕ್ಟೋಬರಿನ ಸರಾಸರಿ ಬರೀ 20 ಮಿ.ಮೀ. ಏರಲಿ, 720ರಲ್ಲಿ 497 ಎಂದರೆ ಶೇ. 69. ಮಿತಿ 660ಕ್ಕೆ ಇಳಿದು ಅದೇ ಜಾಗ ಸವನ್ನಾ ಆಗಿಬಿಡುತ್ತದೆ. ಇಂಥ ಅಂಚಿನ ಕೇಂದ್ರಕ್ಕೆ ಹತ್ತು ವರ್ಷ ಸಾಲದು, 30 ವರ್ಷದ್ದು ತೆಗೆದುಕೊಳ್ಳಿ. ಬೇಸಿಗೆಯ ಮಳೆ ಬಹುಪಾಲು ಆವಿಯಾಗಿ ಹೋಗುತ್ತದೆ, ಮಿತಿ ಏರಿಸುವುದು ಅದಕ್ಕೇ. ದಕ್ಷಿಣ ಗೋಳಾರ್ಧದಲ್ಲಿ ಬೇಸಿಗೆ ಎಂದರೆ ಅಕ್ಟೋಬರ್–ಮಾರ್ಚ್, ಮರೆಯಬೇಡಿ.

ಸುಮಾ: ‘ಭೂಮಿ ಸೂರ್ಯನಿಂದ ದೂರ ಸರಿಯುತ್ತಿದೆ, ಎಲ್ಲೆಡೆ ಚಳಿ ಹೆಚ್ಚಲಿದೆ, ಬಿಸಿನೀರು ಕುಡಿಯಿರಿ’ ಅಂತ ಮೆಸೇಜ್ ಬಂದಿದೆ. ನಿಜವಾ?

ತಜ್ಞೆ: ಸುಳ್ಳು. ಅತಿ ದೂರ ಜುಲೈ ಆರಂಭದಲ್ಲಿ, ಸುಮಾರು 15.2 ಕೋಟಿ ಕಿ.ಮೀ. ಅತಿ ಹತ್ತಿರ ಜನವರಿ ಆರಂಭದಲ್ಲಿ, 14.7 ಕೋಟಿ. ಉತ್ತರಾರ್ಧದಲ್ಲಿ ಆಗಲೇ ಚಳಿಗಾಲ! ಋತುಗಳಿಗೆ ಕಾರಣ ಅಕ್ಷದ 23.4 ಡಿಗ್ರಿ ಓರೆ. ದಯವಿಟ್ಟು ಯಾರಿಗೂ ಕಳಿಸಬೇಡಿ.

ಇಕ್ಬಾಲ್: ದಕ್ಷಿಣ ಅಮೆರಿಕದ ಅಟಕಾಮಾ ಮರುಭೂಮಿ ಸಮುದ್ರದ ಪಕ್ಕದಲ್ಲೇ ಇದ್ದೂ ಅಷ್ಟು ಒಣಗಿದ್ದು ಹೇಗೆ?

ತಜ್ಞೆ: ಅಲ್ಲಿನ ಕರಾವಳಿಯ ಹಂಬೋಲ್ಟ್ ಎಂಬ ಶೀತ ಸಮುದ್ರ ಪ್ರವಾಹ ಕೆಳಗಿನ ಗಾಳಿಯನ್ನು ತಂಪಾಗಿಸುತ್ತದೆ, ಮೇಲೆ ಇಳಿಯುವ ಬೆಚ್ಚನೆಯ ಒಣಗಾಳಿ ಮುಚ್ಚಳದಂತೆ ಕೂರುತ್ತದೆ. ಗಾಳಿ ಮೇಲೇರದೆ ಮಂಜು ಕವಿಯುತ್ತದೆ, ಮಳೆಯಾಗುವುದಿಲ್ಲ. ಪೂರ್ವದ ತೇವಕ್ಕೆ ಆಂಡೀಸ್ ಪರ್ವತಸಾಲು ಅಡ್ಡ.

ರೇಖಾ: ಎತ್ತರದ ಪರ್ವತಗಳಿಗೆ ಬೇರೆ ಗುಂಪು ಬೇಕಲ್ಲವೇ?

ಗಣೇಶ್: ಅದಿರಲಿ. ‘ಸಿ’ (ಸಮಶೀತೋಷ್ಣ) ಮತ್ತು ‘ಡಿ’ (ಕಡುಚಳಿಗಾಲದ) ಗುಂಪುಗಳ ನಡುವಿನ ಗಡಿ, ಅತಿ ತಂಪಿನ ತಿಂಗಳಿನ ಉಷ್ಣತೆ 0 ಡಿಗ್ರಿ. ಇಲ್ಲಿ ಕೆಲವರು −3 ಅಂತ ಬರೆಯುತ್ತಿದ್ದಾರೆ, ತಪ್ಪು.

ಇಕ್ಬಾಲ್: ಕೊಪ್ಪೆನ್ ಇಟ್ಟಿದ್ದೇ −3. ಓದಿ ಬನ್ನಿ.

ಗಣೇಶ್: ಈಗಿನ ಎಷ್ಟೋ ನಕ್ಷೆಗಳಲ್ಲಿ 0 ಇದೆ. ನೀವೇ ನೋಡಿ ಬನ್ನಿ.

ತಜ್ಞೆ: ಎರಡೂ ಬಳಕೆಯಲ್ಲಿವೆ. ಅತಿ ತಂಪಿನ ತಿಂಗಳು −2 ಇರುವ ಊರು ಒಂದರಲ್ಲಿ ‘ಸಿ’, ಇನ್ನೊಂದರಲ್ಲಿ ‘ಡಿ’. ಯಾವ ಗಡಿ ಹಿಡಿದಿರಿ ಎಂದು ನಕ್ಷೆಯ ಕೆಳಗೆ ಬರೆಯಿರಿ, ಸಾಕು.

ಗಣೇಶ್: ಅಂದರೆ ನಾನು ಹೇಳಿದ್ದೂ ಸರಿ.

ಇಕ್ಬಾಲ್: ‘ತಪ್ಪು’ ಎಂದವರು ನೀವು.

ಸುಮಾ: ಬಿಸಿನೀರಿನ ಮೆಸೇಜ್ ಇನ್ನೊಂದು ಗುಂಪಲ್ಲೂ ಬಂದಿದೆ ಮೇಡಂ...

ತಜ್ಞೆ: ಮೇಲೆ ಉತ್ತರಿಸಿದ್ದೇನೆ.

ರೇಖಾ: ಪರ್ವತದ ಪ್ರಶ್ನೆ ಹಾಗೇ ಉಳಿಯಿತು.